ಆಯುಧಪೂಜೆಗೆ ಹಾಕಿದ ಬೀಗ

ನಮ್ಮ ಆಫೀಸಿನಲ್ಲಿ ಕನ್ನಡ ಬರುತ್ತಿದ್ದುದು ಇಬ್ಬರಿಗೆ ಮಾತ್ರ. ಒಬ್ಬಳು ನಾನು, ಇನ್ನೊಬ್ಬರು ನಮ್ಮ ತಂಡದ ಸಾಹೇಬರು. ತಂಡದವರ ಜೊತೆ ಅವರದು ತೆಲುಗು, ತೆಲುಗಿನವರೇ ಆದರೂ ಮ್ಯಾನೇಜರ್ ಜೊತೆ ಇಂಗ್ಲಿಷ್, ಚಹಾ ತರುವವನ ಜೊತೆ ಹಿಂದಿ. ಕನ್ನಡವನ್ನು ನನ್ನನ್ನು ಬೈಯಲೆಂದೇ ಎತ್ತಿಟ್ಟುಕೊಂಡಿದ್ದರು. ಬೈಯುವುದೆಂದರೆ ಕೂಗಾಡುವುದಲ್ಲ. ಮುಖದ ತುಂಬ ನಗು, ಬೆಣ್ಣೆಯಂಥ ದನಿ, ಮಾತಿಗೊಂದು ‘ರಿ’.

“ಈ ಕೋಡ್ ಬರದವರ ಕೈಯಾಗ ಒಂದು ಕಸಬರಗಿ ಕೊಟ್ಟಿದ್ರ ಆಫೀಸಾದ್ರೂ ಸ್ವಚ್ಛ ಆಗ್ತಿತ್ತು ನೋಡ್ರಿ” ಎಂದು ನನ್ನ ಕುರ್ಚಿಯ ಹಿಂದೆ ನಿಂತು ಹೇಳಿ, ಮುಗುಳ್ನಗುತ್ತ ಮುಂದೆ ಹೋಗುತ್ತಿದ್ದರು. ಪಕ್ಕದ ಸೀಟಿನ ತೆಲುಗು ಹುಡುಗಿಗೆ ಹೊಟ್ಟೆಕಿಚ್ಚು. ನಿಮ್ಮ ಸರ್ ಎಷ್ಟು ಪ್ರೀತಿಯಿಂದ ಮಾತಾಡಿಸುತ್ತಾರೆ, ಮಗಳನ್ನು ಮಾತಾಡಿಸಿದ ಹಾಗೆ, ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ ಎನ್ನುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಹೌದು ಹೌದು ಎನ್ನುತ್ತಿದ್ದೆ. ನನ್ನ ಮರ್ಯಾದೆ ತೆಗೆದದ್ದನ್ನು ನಾನೇ ಅನುವಾದಿಸಿ ಹೇಳಬೇಕೇ?

ಕೆಲಸ ಪಕ್ಕಾ ಆಗುವುದು ದೀಪಾವಳಿಗೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದು ಎಂದು ತೀರ್ಮಾನಿಸಿದ್ದೆ. ಪಕ್ಕಾ ಆಗುವುದು ನನಗಿಂತ ಹೆಚ್ಚಾಗಿ ನಮ್ಮ ಅಪ್ಪನಿಗೆ ಬೇಕಿತ್ತು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ವಯಸ್ಸು ಕಳೆದವರು. ಮೊದಲ ಎಷ್ಟೋ ವರ್ಷ ಅವರನ್ನು ಹಂಗಾಮಿಯಾಗಿಯೇ ಇಟ್ಟಿದ್ದರಂತೆ. ಹಾಗಾಗಿ ಪರ್ಮನೆಂಟ್ ಎಂಬ ಮಾತನ್ನು ಅವರು ದೇವರ ಹೆಸರಿನ ಹಾಗೆ ಹೇಳುತ್ತಿದ್ದರು. ತಾರ್ನಾಕದ ನಮ್ಮ ಮನೆಗೆ ಯಾರೇ ಬರಲಿ, ಮಗಳು ಮಾದಾಪುರದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ, ದೀಪಾವಳಿಗೆ ಪರ್ಮನೆಂಟ್ ಆಗುತ್ತಾಳೆ ಎಂದು ಚಹಾಕ್ಕೂ ಮೊದಲೇ ಬಡಿಸುತ್ತಿದ್ದರು. ಈ ಕೆಲಸವನ್ನು ಕೊಡಿಸಿದವರು ನಮ್ಮ ಸಾಹೇಬರೇ. ಅಪ್ಪನ ತಾಲೂಕಿನವರು, ಕನ್ನಡ ಸಂಘದ ಗಣಪತಿ ಹಬ್ಬದಲ್ಲಿ ಪರಿಚಯವಾದವರು.

ಆಗ ಹೈದರಾಬಾದು ಇಡೀ ಆಂಧ್ರದ ರಾಜಧಾನಿ; ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಒಂದೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಅಂಥದ್ದೊಂದರ ಮೂರನೇ ಮಹಡಿಯಲ್ಲಿ ನಾವು ದೂರದ ದೇಶದ ವಿಮಾ ಕಂಪನಿಯೊಂದಕ್ಕೆ ಕೋಡ್ ಬರೆಯುತ್ತಿದ್ದೆವು. ಬರೆದದ್ದನ್ನೆಲ್ಲ ಕಾಯುವುದಕ್ಕೆ ವರ್ಷನ್ ಕಂಟ್ರೋಲ್ ಎಂಬ ಹಳೇ ಕಾಲದ ವ್ಯವಸ್ಥೆ ಇತ್ತು. ಅದರ ರೀತಿ ಗ್ರಂಥಾಲಯದ್ದು. ಒಂದು ಫೈಲ್ ತಿದ್ದಬೇಕೆಂದರೆ ಚೆಕ್ ಔಟ್ ಮಾಡಿ ತೆಗೆದುಕೊಳ್ಳಬೇಕು. ತೆಗೆದುಕೊಂಡ ಕ್ಷಣ ಅದಕ್ಕೆ ನಿಮ್ಮ ಹೆಸರಿನ ಬೀಗ ಬೀಳುತ್ತದೆ. ಬೇರೆಯವರು ಓದಬಹುದು, ತಿದ್ದುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಚೆಕ್ ಇನ್ ಮಾಡಿದರೆ ನಿಮ್ಮ ಪ್ರತಿ ಎಲ್ಲಕ್ಕಿಂತ ಮೇಲೆ ಕೂರುತ್ತದೆ, ಹಳೆಯವು ಒಂದರಡಿ ಒಂದು ಹಾಗೇ ಉಳಿಯುತ್ತವೆ. ಅಲ್ಲಿ ಯಾವುದೂ ಅಳಿಯುವುದಿಲ್ಲ. ಈ ಒಂದು ಗುಣಕ್ಕಾಗಿಯೇ ನನಗೆ ಅದರ ಮೇಲೆ ಜೀವ.

ಬೇರೆ ಯಾರೂ ಅದರ ಕೈಪಿಡಿ ಓದುವ ಗೋಜಿಗೆ ಹೋಗಿರಲಿಲ್ಲ. ನಾನು ಓದಿದ್ದೆ. ಹಾಗಾಗಿ ಸೇರಿದ ಕೆಲವೇ ತಿಂಗಳಿಗೆ ಅದರ ರೋಗಗಳಿಗೆಲ್ಲ ನಾನೇ ಡಾಕ್ಟರ್ ಆದೆ. ಬೆಳಿಗ್ಗೆ ಬ್ಯಾಗ್ ಇಡುವ ಮೊದಲೇ ರೋಗಿಗಳು ನಿಂತಿರುತ್ತಿದ್ದರು. ಒಬ್ಬನ ಫೈಲಿಗೆ ಬೀಗ ಬಿದ್ದಿದೆ, ಬೀಗ ಹಾಕಿದವನು ತಂಗಿಯ ಮದುವೆಗೆಂದು ಗುಂಟೂರಿಗೆ ಹೋಗಿದ್ದಾನೆ. ಇನ್ನೊಬ್ಬ ನಿನ್ನೆಯೆಲ್ಲ ಬರೆದದ್ದು ಮಾಯವಾಗಿದೆ ಎಂದು ಕಣ್ಣೀರು ಹಾಕುತ್ತಾನೆ; ನೋಡಿದರೆ ಆ ಪುಣ್ಯಾತ್ಮ ಚೆಕ್ ಇನ್ ಮಾಡುವುದನ್ನೇ ಮರೆತು, ಬೆಳಿಗ್ಗೆ ಸರ್ವರಿನಿಂದ ಹೊಸ ಪ್ರತಿ ಎಳೆದು, ತನ್ನ ಕೈಯಾರೆ ತನ್ನ ಕೆಲಸದ ಮೇಲೆ ಸಗಣಿ ಸಾರಿಸಿದ್ದಾನೆ. ಮತ್ತೊಬ್ಬನಿಗೆ ಬೀಗ ಸಿಗುವವರೆಗೆ ಕಾಯುವಷ್ಟು ತಾಳ್ಮೆಯಿಲ್ಲ. ಫೈಲನ್ನು ಬೇರೆ ಕಡೆ ನಕಲು ಮಾಡಿಕೊಂಡು ತಿದ್ದಿ, ಬೀಗ ತೆರೆದೊಡನೆ ಅದನ್ನು ತಂದು ಮೇಲೆ ಹೇರಿ, ನಡುವೆ ಕೆಲಸ ಮಾಡಿದವರ ಬಾಯಿಗೆ ಮಣ್ಣು ಹಾಕುತ್ತಾನೆ.

ಎಲ್ಲರೂ ಹೇಳುವ ಮೊದಲ ಮಾತು ಮಾತ್ರ ಒಂದೇ. ತೆಲುಗಿನವನು “ನೇನೇಮೀ ಚೇಯಲೇದಂಡಿ” ಎನ್ನುತ್ತಾನೆ, ಹಿಂದಿಯವನು “ಮೈನೆ ಕುಛ್ ನಹೀ ಕಿಯಾ” ಎನ್ನುತ್ತಾನೆ. ತಾನು ಏನೂ ಮಾಡಿಲ್ಲವಂತೆ. ಏನೂ ಮಾಡದವನ ಕೋಡ್ ಏನೂ ಆಗದೆ ಬಿದ್ದಿರುತ್ತದೆ ಕಣಯ್ಯಾ, ನೀನೇ ಏನೋ ಮಾಡಿದ್ದೀಯ, ಅದನ್ನು ಮೊದಲು ಕಕ್ಕು ಎಂದು ನಾನು ಜೋರು ಮಾಡುತ್ತಿದ್ದೆ. ಆ ಜೋರು ನನಗೆ ಹಿತವಾಗಿಯೇ ಇತ್ತು. ದಿನಕ್ಕೊಮ್ಮೆ ಕನ್ನಡದಲ್ಲಿ ತಿಂದದ್ದನ್ನು ದಿನವಿಡೀ ತೆಲುಗಿನಲ್ಲಿ ಹಂಚುತ್ತಿದ್ದೆ ಎಂದರೂ ಸರಿಯೇ.

ಆದರೆ ನನ್ನದೊಂದು ಕ್ರಮವಿತ್ತು. ಮೊದಲು ಕೇಳಿದವನ ಯಂತ್ರದಲ್ಲಿರುವ ಪ್ರತಿಯನ್ನು ಸರ್ವರಿನ ಪ್ರತಿಯ ಪಕ್ಕಕ್ಕಿಟ್ಟು ಎಲ್ಲಿ ಬೇರೆಯಾಗಿದೆ ನೋಡುವುದು. ಆಮೇಲೆ ಆ ಫೈಲನ್ನು ಯಾರು ಯಾವಾಗ ಮುಟ್ಟಿದರು ಎಂಬ ಚರಿತ್ರೆ ತೆಗೆಯುವುದು. ಸರಿಯಿದ್ದ ಕೊನೆಯ ಪ್ರತಿ ಯಾವುದೆಂದು ಹಿಡಿದ ಮೇಲೆಯೇ ಅದನ್ನು ಮೇಲಕ್ಕೆ ತರುವುದು. ಗಾಬರಿಯಲ್ಲಿ ಏನನ್ನೂ ಒತ್ತುವ ಹಾಗಿಲ್ಲ. ಈ ವ್ಯವಸ್ಥೆಯಲ್ಲಿ ಕೆಟ್ಟದ್ದಕ್ಕಿಂತ, ಕೆಟ್ಟದ್ದನ್ನು ಸರಿ ಮಾಡಲು ಹೋಗಿ ಕೆಡಿಸಿದ್ದೇ ಹೆಚ್ಚು.

ಆ ವರ್ಷ ದಸರೆಗೆ ಮುಂಚೆ ನನಗೊಂದು ಕೆಲಸ ಬಂದಿತ್ತು. ಕಂತು ಕಟ್ಟುವ ದಿನ ಹತ್ತಿರವಾದಾಗ ಗಿರಾಕಿಗಳಿಗೆ ನೆನಪಿನ ಪತ್ರ ಕಳಿಸುವ ಕೋಡ್ ನಮ್ಮದು. ಅದರಲ್ಲೊಂದು ದೋಷವಿತ್ತು: ಸತ್ತವರಿಗೂ ಪತ್ರ ಹೋಗುತ್ತಿತ್ತು. ಗಂಡನನ್ನು ಮಣ್ಣು ಮಾಡಿ ಬಂದವಳ ಮನೆಗೆ, ಪ್ರಿಯ ಗಿರಾಕಿಯೇ, ನೀವು ಈ ತಿಂಗಳ ಕಂತು ಕಟ್ಟಿಲ್ಲ, ಆರೋಗ್ಯವಾಗಿದ್ದೀರೆಂದು ನಂಬಿದ್ದೇವೆ ಎಂದು ಗಂಡನ ಹೆಸರಿಗೇ ಪತ್ರ. ಅಲ್ಲಿಂದ ಉಗಿದು ಉಗಿದು ಮೇಲ್ ಬರುತ್ತಿದ್ದವು. ನಾನು ವಾರಗಟ್ಟಲೆ ಕೂತು ಹಲವು ಫೈಲುಗಳನ್ನು ತಿದ್ದಿ, ಗುರುವಾರ ಸಂಜೆ ಎಲ್ಲವನ್ನೂ ಚೆಕ್ ಇನ್ ಮಾಡಿದೆ. ಸತ್ತವರಿಗೆ ಅಂದು ಬಿಡುಗಡೆಯಾಯಿತು. ಮ್ಯಾನೇಜರ್ ಶಭಾಸ್ ಅಂದರು. ಸಾಹೇಬರು ಕನ್ನಡದಲ್ಲಿ, ಸತ್ತವರ ಕೆಲಸಕ್ಕೆ ನೀವೇ ಸರಿ, ಬದುಕಿದ್ದವರ ಕೆಲಸ ನಿಮ್ಮಿಂದಾಗದು ಎಂದರು.

ಶುಕ್ರವಾರ ಆಯುಧಪೂಜೆ. ಬಾಗಿಲಿಗೆ ಬಾಳೆಕಂದು, ಚೆಂಡುಹೂವಿನ ಮಾಲೆ, ಪ್ರತಿ ಮಾನಿಟರಿನ ಹಣೆಗೆ ಕುಂಕುಮ, ಲಿಫ್ಟಿನ ಮುಂದೆ ಒಡೆದ ಬೂದುಗುಂಬಳ. ಎಲ್ಲ ಆಫೀಸಿನಲ್ಲೂ ಇಷ್ಟು ಇರುತ್ತದೆ. ನಮ್ಮ ಸಾಹೇಬರ ಭಕ್ತಿ ಇಷ್ಟಕ್ಕೆ ನಿಲ್ಲುವಂಥದ್ದಲ್ಲ. ಊರಲ್ಲಿ ಖಂಡೆಪೂಜೆ ಎಂದರೆ ಕುಡುಗೋಲು ಕೊಡಲಿಗಳನ್ನೆಲ್ಲ ಪೂಜೆಗಿಟ್ಟ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ನಮ್ಮ ಆಯುಧ ಕಂಪ್ಯೂಟರ್ ಅಲ್ಲ, ಕೋಡ್. ಹಾಗಾಗಿ ಹಬ್ಬ ಮುಗಿಯುವವರೆಗೆ ಕೋಡನ್ನು ಯಾರೂ ಮುಟ್ಟಬಾರದು ಎಂದು ಅವರು ಕಂಡುಹಿಡಿದರು. ಮುಟ್ಟದಂತೆ ಮಾಡಲು ದಾರಿ? ಇಡೀ ಸರ್ವರಿನ ಫೈಲುಗಳನ್ನೆಲ್ಲ ತಮ್ಮ ಹೆಸರಿಗೆ ಚೆಕ್ ಔಟ್ ಮಾಡಿ ಬೀಗ ಜಡಿಯುವುದು. ನಿಜ ಹೇಳುತ್ತೇನೆ, ಆಗ ನನಗೂ ಅದು ಚೆನ್ನಾಗಿಯೇ ಕಂಡಿತ್ತು. ಮನೆಯಲ್ಲಿ ಹೇಳಿದಾಗ ಅಪ್ಪ ಖುಷಿಯಲ್ಲಿ ತೊಡೆ ತಟ್ಟಿಕೊಂಡಿದ್ದರು.

ಎಲ್ಲ ಫೈಲುಗಳನ್ನು ಒಟ್ಟಿಗೆ ತೆಗೆಯುವುದು ಹೇಗೆಂದು ನನ್ನನ್ನೇ ಕರೆದು ಕೇಳಿದರು. ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ತೋರಿಸಿದೆ. ತೆಗೆಯುವಾಗ ಹೊಸ ಪ್ರತಿಗಳನ್ನು ನಿಮ್ಮ ಯಂತ್ರಕ್ಕೆ ಇಳಿಸಿಕೊಳ್ಳಲೇ ಎಂದು ಅದು ಕೇಳುತ್ತದೆ, ಹೂಂ ಅನ್ನಿ. ಸೋಮವಾರ ಬೀಗ ಬಿಡಿಸುವಾಗ ಚೆಕ್ ಇನ್ ಮಾಡಬೇಡಿ, ಬರೀ ರದ್ದು ಮಾಡಿ ಎಂದೂ ಹೇಳಿದೆ. ಪುರೋಹಿತರು ಗಡಿಯಾರ ನೋಡುತ್ತಿದ್ದರು. “ರಾಹುಕಾಲ ಬರಾಕತ್ತೈತಿ, ನೀವು ಪಾಠ ಹೇಳಾಕತ್ತೀರಿ. ಸರೀರಿ” ಎಂದು ಸಾಹೇಬರು ಮೊಣಕೈಯಿಂದ ನನ್ನನ್ನು ಆಚೆ ತಳ್ಳಿದರು. ಕುಂಕುಮ ನನ್ನ ಸೀರೆಯ ಮೇಲೆ ಚೆಲ್ಲಿತು.

ಶನಿವಾರ ಸಂಜೆ ಅವರು ತಾರ್ನಾಕದ ನಮ್ಮ ಮನೆಗೆ ಬನ್ನಿ ಕೊಡಲು ಬಂದರು. ಅಪ್ಪನ ಕೈಗೆ ಎಲೆ ಇಟ್ಟು, ಬಂಗಾರದ್ಹಂಗ ಇರೋಣ್ರಿ ಎಂದು ಕಾಲು ಮುಟ್ಟಿ ನಮಸ್ಕರಿಸಿದರು. ನನಗೂ ಕೊಟ್ಟರು. ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದರು. ಅವರು ಹೋದ ಮೇಲೆ ಅಪ್ಪ, ಎಂಥ ಸಂಸ್ಕಾರ ನೋಡು ಎಂದು ರಾತ್ರಿ ಊಟದವರೆಗೂ ಹೇಳುತ್ತಿದ್ದರು.

ಸೋಮವಾರ ಬೀಗಗಳೆಲ್ಲ ತೆರೆದಿದ್ದವು. ಬುಧವಾರ ಆಕಾಶವೇ ಕಳಚಿ ಬಿತ್ತು. ಸತ್ತವರಿಗೆ ಮತ್ತೆ ಪತ್ರ ಹೋಗಿತ್ತು, ಈ ಸಲ ಹಬ್ಬದಲ್ಲಿ ತಡೆದಿಟ್ಟಿದ್ದೆಲ್ಲ ಸೇರಿ ಒಟ್ಟಿಗೆ. ಯಾವಳೋ ಒಬ್ಬ ತಾಯಿ, ನನ್ನ ಮಗ ಈಗ ವಾಸವಿರುವ ಗೋರಿಯ ವಿಳಾಸ ಇದು, ಮುಂದಿನ ಪತ್ರ ಅಲ್ಲಿಗೇ ಹಾಕಿ ಎಂದು ಬರೆದಿದ್ದಳಂತೆ. ಮ್ಯಾನೇಜರ್ ಮರುದಿನ ಮಧ್ಯಾಹ್ನಕ್ಕೆ ಎಲ್ಲರನ್ನೂ ಕರೆದರು.

ಸಾಹೇಬರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ತಂಡದವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು, ಅವರು ನಗುತ್ತಿದ್ದರು. “ನೀವು ತಿದ್ದೇನಿ ಅಂತ ಸುಳ್ಳ ಹೇಳಿ ಕುಂತೀರಿ. ನಿಮ್ಮ ಅಪ್ಪಾರು ನನ್ನ ಮುಂದ ಕೈ ಮುಗದು ನಿಂತಿದ್ರು ನೋಡ್ರಿ, ಭಿಕ್ಷಾ ಬೇಡೋರಂಗ. ಅದಕ್ಕ ತಗೊಂಡೆ. ಇಲ್ಲಾಂದ್ರ ನಿಮ್ಮಂಥಾಕಿನ್ನ ಯಾರು ಒಳಗ ಬಿಡ್ತಿದ್ರು?” ಎಂದು ಹೇಳಿ ನನ್ನ ಹೆಗಲು ತಟ್ಟಿ ಹೋದರು. ಅಪ್ಪ ಕೈ ಮುಗಿದಿದ್ದು ನನಗೆ ಗೊತ್ತಿರಲಿಲ್ಲ. ಪಕ್ಕದ ಹುಡುಗಿ ನನ್ನತ್ತ ಬಾಗಿ, ಇಂಥ ಸಮಯದಲ್ಲೂ ಸರ್ ನಿನಗೆ ಧೈರ್ಯ ಹೇಳುತ್ತಿದ್ದಾರಲ್ಲ ಎಂದಳು. ನನ್ನ ಮೈ ಹೊತ್ತಿ ಉರಿಯುತ್ತಿತ್ತು.

ಉರಿಯುವ ಮೈಯಲ್ಲೇ ಕ್ರಮ ಹಿಡಿದು ಕೂತೆ. ರೋಗಿ ಈಗ ನಾನೇ. ಏನೂ ಮಾಡಿಲ್ಲ ಎನ್ನುವ ಸರದಿ ನನ್ನದಾಗಿದ್ದರಿಂದ ಮೊದಲು ನನ್ನನ್ನೇ ಅನುಮಾನಿಸಿದೆ. ನನ್ನ ಯಂತ್ರದಲ್ಲಿ ತಿದ್ದಿದ ಪ್ರತಿ ಹಾಗೇ ಇತ್ತು. ಸರ್ವರಿನ ಪ್ರತಿಯನ್ನು ಪಕ್ಕಕ್ಕಿಟ್ಟೆ: ತಿದ್ದುಪಡಿಯ ಸಾಲುಗಳೇ ಇಲ್ಲ, ಹಳೇ ಕೋಡ್ ಮೀಸೆ ತಿರುವಿಕೊಂಡು ಕೂತಿದೆ. ಚರಿತ್ರೆ ತೆಗೆದೆ. ಗುರುವಾರ ಸಂಜೆ ನನ್ನ ಚೆಕ್ ಇನ್ ಇದೆ. ಅದರ ಮೇಲೆ ಸೋಮವಾರ ಬೆಳಿಗ್ಗೆ ಸಾಹೇಬರ ಚೆಕ್ ಇನ್. ಅದಕ್ಕೆ ಅವರು ಬರೆದ ಟಿಪ್ಪಣಿ: ಪೂಜೆ ಮುಗಿಯಿತು.

ಬೇರೆ ಫೈಲ್ ತೆರೆದೆ, ಅಲ್ಲೂ ಪೂಜೆ ಮುಗಿಯಿತು. ಯಾವುದನ್ನು ತೆರೆದರೂ ಅದೇ. ಆದದ್ದು ಇಷ್ಟು. ರಾಹುಕಾಲದ ಅವಸರದಲ್ಲಿ ಹೊಸ ಪ್ರತಿ ಬೇಡ ಎಂದಿದ್ದಾರೆ. ಅವರ ಯಂತ್ರದಲ್ಲಿ ಇದ್ದದ್ದು ತಿಂಗಳ ಹಿಂದಿನ ಹಳಸಲು. ಸೋಮವಾರ ರದ್ದು ಮಾಡುವ ಬದಲು, ದೇವರಿಗಿಟ್ಟ ಎಡೆ ಹಂಚಿದ ಹಾಗೆ ಆ ಹಳಸಲನ್ನೆಲ್ಲ ಚೆಕ್ ಇನ್ ಮಾಡಿ ಎಲ್ಲರ ಕೆಲಸದ ಮೇಲೂ ಬಡಿಸಿದ್ದಾರೆ. ನನ್ನ ತಿದ್ದುಪಡಿ ಅದರ ಕೆಳಗೆ ಕ್ಷೇಮವಾಗಿತ್ತು. ಅದನ್ನೂ ಉಳಿದವರದ್ದನ್ನೂ ಮೇಲಕ್ಕೆ ತಂದು, ಪರೀಕ್ಷಿಸಿ, ಅವರ ಕೋಣೆಗೆ ಹೋಗಿ ಹೇಳಿದೆ.

ಅವರು ಬೆಚ್ಚಲಿಲ್ಲ. ಮೊದಲು “ನಾ ಏನೂ ಮಾಡಿಲ್ರಿ” ಎಂದರು. ಎಲ್ಲ ರೋಗಿಗಳೂ ಹೇಳುವ ಮಾತನ್ನು ಅವರ ಬಾಯಲ್ಲಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆ ನಗು ಅವರಿಗೆ ನಾಟಿರಬೇಕು. ಬಾಗಿಲು ಮುಚ್ಚಲು ಹೇಳಿ ವ್ಯಾಪಾರಕ್ಕಿಳಿದರು. ನಾಳೆ ಮೀಟಿಂಗಿನಲ್ಲಿ ತಪ್ಪು ನನ್ನದೆಂದು ನಾನು ಒಪ್ಪಿಕೊಳ್ಳಬೇಕು. ಹೊಸ ಹುಡುಗಿ ಎಂದು ಮ್ಯಾನೇಜರ್ ಎರಡು ಮಾತು ಬೈದು ಬಿಡುತ್ತಾರೆ. ದೀಪಾವಳಿಗೆ ನಾನು ಪರ್ಮನೆಂಟ್. ಒಪ್ಪದಿದ್ದರೆ ನನ್ನ ಕಾಗದ ಅವರ ಮೇಜಿನ ಮೇಲೇ ಇದೆ, ಅಲ್ಲೇ ಇರುತ್ತದೆ. “ಅಪ್ಪಾರ ಮುಖ ನೋಡಿ ಹೇಳಾಕತ್ತೀನ್ರಿ. ವಯಸ್ಸಾದ ಜೀವ, ಇನ್ನೊಮ್ಮೆ ಎಲ್ಲಿ ಹೋಗಿ ಕೈ ಮುಗೀತೈತಿ?”

ಮರುದಿನ ಮೀಟಿಂಗಿನಲ್ಲಿ ಸಾಹೇಬರೇ ಮೊದಲು ಎದ್ದು ತೆಲುಗಿನಲ್ಲಿ, ಹುಡುಗಿ ಹೊಸಬಳು, ಈ ಸಲ ಕ್ಷಮಿಸಿಬಿಡೋಣ ಎಂದರು. ನಾನು ಎದ್ದೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚರಿತ್ರೆಯನ್ನು ತೆರೆದು, ನನ್ನ ಅಷ್ಟೂ ಫೈಲುಗಳ ಹೆಸರನ್ನು ಒಂದೊಂದಾಗಿ ಓದಿದೆ. ಪ್ರತಿ ಹೆಸರಿನ ಮುಂದೆಯೂ, ಪೂಜೆ ಮುಗಿಯಿತು, ಪೂಜೆ ಮುಗಿಯಿತು ಎಂದು ಮಂತ್ರದ ಹಾಗೆ ಹೇಳಿದೆ. ಎರಡು ಫೈಲ್ ಓದಿದ್ದರೆ ಸಾಕಿತ್ತು. ಕೊನೆಯವರೆಗೂ ಓದಿದೆ. ಮೊದಲು ಒಬ್ಬ ಕಿಸಕ್ಕೆಂದ, ಆಮೇಲೆ ಇಡೀ ಕೋಣೆ ನಕ್ಕಿತು. ಸಾಹೇಬರ ನಗು ಮಾತ್ರ ಮೊದಲ ಸಲ ಮುಖದಿಂದ ಇಳಿದಿತ್ತು. ಅವರು ನನ್ನತ್ತ ತಿರುಗಿ ಮೆಲ್ಲಗೆ ಕನ್ನಡದಲ್ಲಿ, “ಸಾಕು ಮಾಡ್ರಿ. ಕಸಾ ಹೊಡಿಯೋ ಜಾತಿ ಬುದ್ಧಿ ತೋರಿಸಬ್ಯಾಡ್ರಿ” ಎಂದರು.

ಅವರು ಏನಂದರು ಎಂದು ಮ್ಯಾನೇಜರ್ ನನ್ನನ್ನು ಕೇಳಿದರು.

ನಾನು ಅದನ್ನು ತೆಲುಗಿನಲ್ಲಿ ಹೇಳಿದೆ. ಒಂದು ‘ರಿ’ಯನ್ನೂ ಬಿಡದೆ, ಅದೇ ಬೆಣ್ಣೆಯ ದನಿಯಲ್ಲಿ. ಅಲ್ಲಿಗೆ ನಿಲ್ಲಲಿಲ್ಲ. ಪಕ್ಕದ ಸೀಟಿನ ಹುಡುಗಿಯ ಕಡೆ ತಿರುಗಿ, ಸರ್ ಎಷ್ಟು ಪ್ರೀತಿಯಿಂದ ಮಾತಾಡಿಸುತ್ತಾರೆ ಎನ್ನುತ್ತಿದ್ದೆಯಲ್ಲ, ಈಗ ಕೇಳು ಎಂದು ಅಷ್ಟು ತಿಂಗಳು ನುಂಗಿದ್ದನ್ನೆಲ್ಲ ಒಂದೊಂದಾಗಿ ತೆಲುಗಿಗೆ ಇಳಿಸಿದೆ. ಕಸಬರಿಗೆಯ ಮಾತು, ಸತ್ತವರ ಮಾತು, ಕೊನೆಗೆ ಅಪ್ಪ ಕೈ ಮುಗಿದು ನಿಂತ ಮಾತು, ಭಿಕ್ಷೆಯ ಸಮೇತ. ಸಾಹೇಬರು ಮೇಜಿನ ಮೇಲಿನ ನೀರಿನ ಲೋಟವನ್ನು ತಿರುಗಿಸುತ್ತ ಕೂತಿದ್ದರು. ಅವರ ಕಿವಿ ಕೆಂಪಗಾದದ್ದನ್ನು ಕಣ್ತುಂಬ ನೋಡಿದೆ. ಅಷ್ಟು ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಮ್ಯಾನೇಜರಿಗೆ ಇದರಲ್ಲಿ ಬೇಕಿದ್ದುದು ಒಂದೇ: ತಿದ್ದುಪಡಿ ವಾಪಸು ಬಂದಿದೆಯೇ? ಬಂದಿದೆ ಎಂದೆ. ಹಾಗಾದರೆ ಮುಂದಿನ ವರ್ಷದಿಂದ ಪೂಜೆ ಕಂಪ್ಯೂಟರಿಗೆ ಸಾಕು, ಕೋಡಿಗೆ ಬೇಡ ಎಂದು ಎದ್ದು ಹೋದರು. ಸಾಹೇಬರ ಕೂದಲೂ ಕೊಂಕಲಿಲ್ಲ. ಅವರು ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಉಳಿದರು. ನನ್ನ ಜೊತೆ ಮಾತ್ರ ಅಂದಿನಿಂದ ಕನ್ನಡ ನಿಲ್ಲಿಸಿಬಿಟ್ಟರು.

ತಂಡದವರಿಗೆ ನನ್ನ ಮೇಲೆ ಕನಿಕರ ಹುಟ್ಟಿತೆಂದುಕೊಂಡರೆ ನಿಮ್ಮಂಥ ದಡ್ಡರಿಲ್ಲ. ಅವರಿಗೊಂದು ಹೊಸ ತಮಾಷೆ ಸಿಕ್ಕಿತು. ಯಾರ ಫೈಲಿಗೆ ಬೀಗ ಬಿದ್ದರೂ, ಯಾರ ಕೋಡ್ ಮಾಯವಾದರೂ ನನ್ನ ಸೀಟಿನ ಮುಂದೆ ಬಂದು ಎರಡೂ ಕೈ ಮುಗಿದು, ಬೆನ್ನು ಬಗ್ಗಿಸಿ, ಮುದುಕರ ದನಿಯಲ್ಲಿ, ಅಮ್ಮಾ, ನಮ್ಮ ಮಗಳನ್ನು ಒಳಗೆ ಬಿಡಿ ಎನ್ನುತ್ತಿದ್ದರು. ಪಕ್ಕದ ಹುಡುಗಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ನಾನು ಬೀಗ ತೆಗೆದುಕೊಡುತ್ತಿದ್ದೆ.

ದೀಪಾವಳಿಯ ವಾರ ಮ್ಯಾನೇಜರ್ ನನ್ನ ಕಾಗದವನ್ನು ಸಾಹೇಬರ ಮೇಜಿನಿಂದ ತರಿಸಿಕೊಂಡು ಸಹಿ ಹಾಕಿದರು. ಸುಲ್ತಾನ್ ಬಜಾರಿನಲ್ಲಿ ಬಸ್ಸಿಳಿದು ಅಪ್ಪನಿಗೊಂದು ಪಂಚೆ, ಪೇಡೆಯ ಪೊಟ್ಟಣ ಕೊಂಡು ಮನೆಗೆ ಹೋದೆ. ಅಪ್ಪ ಹೊರಗಿನ ಕೋಣೆಯಲ್ಲಿ ಕೂತಿದ್ದರು. ಪರ್ಮನೆಂಟ್ ಆಯಿತಪ್ಪ ಎಂದೆ. ಛಲೋ ಆತು ಅಂದರು, ಪೇಡೆಗೆ ಕೈ ಚಾಚಲಿಲ್ಲ. ಸಾಹೇಬರು ಫೋನ್ ಮಾಡಿದ್ದರಂತೆ.

“ಮನಿಗೆ ಬಂದು ಬನ್ನಿ ಕೊಟ್ಟು ಹೋದವರು. ಬೈಯೋದಿದ್ರ ಕನ್ನಡದಾಗ ಬೈಬೇಕಿತ್ತವಾ. ನಮ್ಮವರನ್ನ ಮಂದಿ ಭಾಷಾದಾಗ ಬೈದೀ.”

ಕನ್ನಡದಲ್ಲಿ ಬೈದಿದ್ದರೆ ಅವರೊಬ್ಬರಿಗೇ ಕೇಳಿಸುತ್ತಿತ್ತು ಎಂದೆ. ಅಪ್ಪ ಪೇಡೆಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಅವರು ನಿನಗೆ ಏನೇನಂದರು, ಹೇಳು ಎಂದರು. ಇಡೀ ಆಫೀಸಿಗೆ ತೆಲುಗಿನಲ್ಲಿ ನೀರು ಕುಡಿದ ಹಾಗೆ ಹೇಳಿದವಳಿಗೆ, ಅವೇ ಮಾತನ್ನು ಅವು ಹುಟ್ಟಿದ ಭಾಷೆಯಲ್ಲಿ ಹೇಳಲು ನಾಲಿಗೆ ಹೊರಳಲಿಲ್ಲ. ಕಸಬರಿಗೆಯದು ಹೇಳಿದೆ. ಸತ್ತವರದು ಹೇಳಿದೆ. ಅಲ್ಲಿಗೆ ನಿಲ್ಲಿಸಿದೆ.

“ಇಷ್ಟ ಏನು?”

ಇಷ್ಟೇ ಎಂದೆ.

ಅಪ್ಪ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತ ಕೂತರು. “ನಾ ಕೈ ಮುಗದು ನಿಂತದ್ದು ಹೇಳಲಿಲ್ಲೇನು ಅವರು?”

ಇಲ್ಲಪ್ಪ, ಅದು ಯಾರಿಗೂ ಗೊತ್ತಿಲ್ಲ ಎಂದೆ.

ಅಪ್ಪ ಆಗ ಪೊಟ್ಟಣ ಬಿಚ್ಚಿ ಒಂದು ಪೇಡೆ ತೆಗೆದುಕೊಂಡರು.